ಹೋರಿ ಗೆದ್ದಿತು ಎಂದರೇನು?

ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಓಟದ ಋತು ಆರಂಭವಾಗುತ್ತದೆ. ಓಡುವುದು ಕುದುರೆಯಲ್ಲ, ಹೋರಿ. ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ರಿಬ್ಬನ್, ಬಲೂನು, ಗೊಂಡೆಗಳಿಂದ ಸಿಂಗರಿಸಿ, ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿದ ಹೋರಿಯನ್ನು ಜನರ ನಡುವಿನ ಓಣಿಯಲ್ಲಿ ಬಿಡುತ್ತಾರೆ. ಅದು ಓಡುತ್ತದೆ, ಯುವಕರು ಅದರ ಮೇಲೆರಗಿ ಕೊಬ್ಬರಿ ಹರಿಯಲು ನೋಡುತ್ತಾರೆ. ಇದೇ ಹೋರಿ ಹಬ್ಬ ಅಥವಾ ಹೋರಿ ಬೆದರಿಸುವ ಸ್ಪರ್ಧೆ. ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರ ಭಾಗಗಳಲ್ಲಿಯೂ ಇದು ಅಷ್ಟೇ ಪ್ರಸಿದ್ಧ. ದೀಪಾವಳಿಗೆ ಶುರುವಾದದ್ದು ಸಂಕ್ರಾಂತಿ ದಾಟಿದರೂ ಒಂದೂರಿನಿಂದ ಇನ್ನೊಂದೂರಿಗೆ ಸಾಗುತ್ತಲೇ ಇರುತ್ತದೆ.

ಈ ಋತುವಿನಲ್ಲಿ ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರುಗಳ ಶಾಲಾ ಕಾಲೇಜುಗಳ ಹುಡುಗರು ಕೇಳುವ ಪ್ರಶ್ನೆ ಎರಡು. ಹೋದ ಸಲ ಯಾವ ಹೋರಿ ಗೆದ್ದಿತು? ಈ ಸಲ ಯಾವುದು ಗೆಲ್ಲುತ್ತದೆ? ಪ್ರಶ್ನೆ ಸರಳ, ಉತ್ತರ ಅಷ್ಟು ಸರಳವಲ್ಲ. ಏಕೆಂದರೆ ಇವೆರಡಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ: ಗೆಲುವು ಎಂದರೆ ನಾವು ಏನನ್ನು ಅಳೆಯುತ್ತಿದ್ದೇವೆ? ವಿದ್ಯಾರ್ಥಿ ಮಿತ್ರರೇ, ಈ ಲೇಖನದಲ್ಲಿ ಅದನ್ನೇ ವಿಜ್ಞಾನದ ಕಣ್ಣಿನಿಂದ ನೋಡೋಣ.

ಮೂರು ಓಟ, ಮೂರು ಅಳತೆ

ಮೊದಲು ನಮ್ಮ ಹೋರಿಯನ್ನೇ ತೆಗೆದುಕೊಳ್ಳಿ. ಇಲ್ಲಿ ಗಡಿಯಾರಕ್ಕೆ ದೊಡ್ಡ ಕೆಲಸವಿಲ್ಲ. ಕೊಬ್ಬರಿಯನ್ನು ಯಾರ ಕೈಗೂ ಕೊಡದೆ ಗೆರೆ ದಾಟಿದ ಹೋರಿ ಗೆದ್ದಂತೆ. ಕೊಬ್ಬರಿ ಹರಿದ ಯುವಕನೂ ಗೆದ್ದಂತೆ. ಅಂದರೆ ಒಂದೇ ಓಟದಲ್ಲಿ ಎರಡು ಕಡೆಯ ಸ್ಪರ್ಧಿಗಳಿದ್ದಾರೆ. ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಹೋರಿಯ ಓಟದ ಠೀವಿ, ವೇಗ, ಅದು ಜನರನ್ನು ಸೀಳಿಕೊಂಡು ಹೋದ ಬಗೆ ಇವನ್ನೂ ತೀರ್ಪುಗಾರರು ಗಮನಿಸುವುದುಂಟು. ನಿಯಮಗಳು ಊರಿಂದೂರಿಗೆ ಬೇರೆ. ಹೀಗಾಗಿ ಒಂದೂರಿನ ಮೊದಲ ಬಹುಮಾನವನ್ನು ಮತ್ತೊಂದೂರಿನ ಮೊದಲ ಬಹುಮಾನದ ಪಕ್ಕದಲ್ಲಿಟ್ಟು ತೂಗಲು ಬರುವುದಿಲ್ಲ.

ಎರಡನೆಯದು ಕರಾವಳಿಯ ಕಂಬಳ. ಕೆಸರುಗದ್ದೆಯಲ್ಲಿ ಜೋಡಿ ಕೋಣಗಳ ಓಟ. ಹಗ್ಗ, ನೇಗಿಲು, ಅಡ್ಡಹಲಗೆ ವಿಭಾಗಗಳಲ್ಲಿ ಯಾರು ಮೊದಲು ಮುಟ್ಟಿದರು ಎಂಬುದೇ ಮುಖ್ಯ. ಇಲ್ಲಿ ಸೆಕೆಂಡಿನ ನೂರನೇ ಒಂದು ಭಾಗದವರೆಗೂ ಲೆಕ್ಕವಿಡುತ್ತಾರೆ. ಗೆರೆ ದಾಟಿದ ಕ್ಷಣವನ್ನು ಹಿಡಿಯಲು ಈಚಿನ ವರ್ಷಗಳಲ್ಲಿ ಲೇಸರ್ ಕಿರಣದ ನೆರವೂ ಬಂದಿದೆ.

ಮೂರನೆಯದು ಅದೇ ಕಂಬಳದ ಕನೆಹಲಗೆ ವಿಭಾಗ. ಇದರಲ್ಲಿ ವೇಗ ಮುಖ್ಯವಲ್ಲ. ಕೋಣಗಳು ಎಳೆಯುವ ಹಲಗೆಯ ಮೇಲೆ ಓಟಗಾರ ನಿಂತಿರುತ್ತಾನೆ. ಹಲಗೆಯ ತೂತುಗಳಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ಬಟ್ಟೆಯ ನಿಶಾನೆಗೆ ಆ ನೀರು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರವನ್ನು ಹೇಳುತ್ತಾರೆ. ಇಲ್ಲಿ ಅಳೆಯುವುದು ಎತ್ತರವನ್ನು.

ಒಂದು ಕಡೆ ಕೊಬ್ಬರಿಯ ಎಣಿಕೆ, ಒಂದು ಕಡೆ ಸಮಯ, ಒಂದು ಕಡೆ ಎತ್ತರ. ಮೂರೂ ಓಟಗಳೇ, ಆದರೆ ಫಲಿತಾಂಶ ಎಂಬ ಮಾತಿನ ಅರ್ಥ ಮೂರರಲ್ಲಿಯೂ ಬೇರೆ. ಅಳತೆಗೋಲು ಯಾವುದೆಂದು ತಿಳಿಯದೆ ಫಲಿತಾಂಶ ಓದಿದರೆ ಎಂಥ ಗೊಂದಲವಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ.

ಬೋಲ್ಟ್‌ಗಿಂತ ವೇಗವೇ?

2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಇದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು. ಬಂದದ್ದು ಸುಮಾರು 9.55 ಸೆಕೆಂಡು. ಜಮೈಕದ ಉಸೇನ್ ಬೋಲ್ಟ್ 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ದೇಶದಾದ್ಯಂತ ಸುದ್ದಿಯಾಯಿತು. ಕೇಂದ್ರ ಕ್ರೀಡಾ ಸಚಿವರು ಅವರನ್ನು ಓಟದ ಪರೀಕ್ಷೆಗೆ ಆಹ್ವಾನಿಸಿದರು. ಗೌಡರು ವಿನಯದಿಂದಲೇ ಒಲ್ಲೆ ಎಂದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿ ಅದನ್ನೂ ಮೀರಿಸಿದರು.

ಇಲ್ಲಿ ಗಣಿತದಲ್ಲಿ ತಪ್ಪಿಲ್ಲ. ದೂರವನ್ನು ಸಮಯದಿಂದ ಭಾಗಿಸಿದರೆ ಗೌಡರ ಸರಾಸರಿ ವೇಗ ಸೆಕೆಂಡಿಗೆ 10.46 ಮೀಟರ್. ಬೋಲ್ಟ್‌ರದು 10.44 ಮೀಟರ್. ತಪ್ಪಿರುವುದು ಹೋಲಿಕೆಯಲ್ಲಿ. ನೂರು ಮೀಟರ್ ಓಟದಲ್ಲಿ ಓಟಗಾರ ಶೂನ್ಯ ವೇಗದಿಂದ ಹೊರಡುತ್ತಾನೆ. ವೇಗ ಪಡೆಯುವುದಕ್ಕೆಂದೇ ಮೊದಲ ಕೆಲವು ಸೆಕೆಂಡು ಖರ್ಚಾಗುತ್ತವೆ. ಓಟ ಉದ್ದವಾದಷ್ಟೂ ಆರಂಭದ ಈ ನಷ್ಟ ಹೆಚ್ಚು ಮೀಟರುಗಳ ಮೇಲೆ ಹಂಚಿಹೋಗುತ್ತದೆ. ಆದ್ದರಿಂದ 142 ಮೀಟರ್ ಓಟದ ಸರಾಸರಿಯನ್ನು 100 ಮೀಟರಿನ ದಾಖಲೆಯ ಎದುರು ನಿಲ್ಲಿಸುವುದು ಸರಿಯಲ್ಲ.

ಸರಿಯಾದ ಜೋಡಿ ಯಾವುದು? ಅದೂ ಉಂಟು. 2009ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬೀದಿಯಲ್ಲಿ ಹಾಕಿದ ನೇರ ಓಟದ ಹಾದಿಯಲ್ಲಿ ಬೋಲ್ಟ್ 150 ಮೀಟರ್ ಓಡಿದ್ದರು. ತೆಗೆದುಕೊಂಡ ಸಮಯ 14.35 ಸೆಕೆಂಡು, ಸರಾಸರಿ ಸೆಕೆಂಡಿಗೆ 10.45 ಮೀಟರ್. ಆದರೆ ಅದರ ಕೊನೆಯ 100 ಮೀಟರನ್ನು ಮಾತ್ರ ಬೇರೆ ಮಾಡಿ ನೋಡಿದರೆ ಸಮಯ 8.70 ಸೆಕೆಂಡು! ಅದೇ ಮನುಷ್ಯ, ಅದೇ ದೇಹ. ಒಂದು ಲೆಕ್ಕದಲ್ಲಿ 9.58, ಇನ್ನೊಂದರಲ್ಲಿ 8.70. ಓಟ ಆಗಲೇ ವೇಗದಲ್ಲಿದ್ದಾಗ ಅಳೆಯಲು ಶುರುಮಾಡಿದ್ದಷ್ಟೇ ವ್ಯತ್ಯಾಸ.

ಇನ್ನೂ ಒಂದು ಸಂಗತಿ. ಕಂಬಳದ ಓಟಗಾರ ಒಬ್ಬನೇ ಓಡುವುದಿಲ್ಲ. ಅವನ ಕೈಯಲ್ಲಿ ಹಗ್ಗವಿದೆ, ಹಗ್ಗದ ತುದಿಯಲ್ಲಿ ಕೋಣಗಳಿವೆ. ಆ ಸೆಳೆತ ಅವನನ್ನು ಮುಂದಕ್ಕೆ ಒಯ್ಯುತ್ತದೆ. ಅದೇ ವೇಳೆಗೆ ಕೆಸರು ಅವನ ಕಾಲನ್ನು ಹಿಡಿಯುತ್ತದೆ. ಸೆಳೆತ ಲಾಭ, ಕೆಸರು ನಷ್ಟ. ಬೋಲ್ಟ್‌ಗೆ ಎರಡೂ ಇರಲಿಲ್ಲ. ಹಾಗೆಂದು ಕಂಬಳದ ಓಟಗಾರನ ಸಾಧನೆ ಕಡಿಮೆಯಾಗುವುದಿಲ್ಲ. ಕೆಸರಿನಲ್ಲಿ, ಬರಿಗಾಲಿನಲ್ಲಿ, ಕೋಣಗಳ ಗತಿಗೆ ಗತಿ ಕೂಡಿಸಿ ಆ ವೇಗ ಸಾಧಿಸುವುದು ಬೇರೆಯೇ ವಿದ್ಯೆ. ಅದನ್ನು ಅದರ ಅಳತೆಯಲ್ಲಿಯೇ ಮೆಚ್ಚಬೇಕು.

ಮೂರು ಓಟಗಳಲ್ಲಿ ಕೊಬ್ಬರಿ ಉಳಿಸಿದ ಹೋರಿ

ಈಗ ಮತ್ತೆ ಹೋರಿಯ ಕಡೆಗೆ ಬರೋಣ. ಮುಂದಿನ ಋತುವಿನಲ್ಲಿ ಯಾವ ಹೋರಿ ಗೆಲ್ಲುತ್ತದೆಂದು ಊಹಿಸುವವರು ಸಾಮಾನ್ಯವಾಗಿ ಹಿಂದಿನ ಗೆಲುವುಗಳನ್ನು ಎಣಿಸುತ್ತಾರೆ. ‘ಸತತ ಐದು ಕಡೆ ಕೊಬ್ಬರಿ ಕೊಟ್ಟಿಲ್ಲ’ ಎಂಬ ಮಾತು ಒಂದು ಹೋರಿಗೆ ಹೆಸರು ತರಲು ಸಾಕು. ಹೋರಿಗಳಿಗೆ ಸಿನಿಮಾ ನಾಯಕರಂತೆ ಬಿರುದುಗಳಿವೆ, ಅಭಿಮಾನಿ ಬಳಗಗಳಿವೆ. ಬೆಲೆ ಲಕ್ಷಗಳಲ್ಲಿ ಏರುತ್ತದೆ. ಬಹುಮಾನವಾಗಿ ಬಂಗಾರ, ಮೋಟಾರ್‌ಸೈಕಲ್‌ಗಳೂ ಬರುವುದುಂಟು.

ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಎಲ್ಲ ಹೋರಿಗಳೂ ಸಮಾನವೆಂದೂ, ಪ್ರತಿ ಓಟದಲ್ಲಿ ಕೊಬ್ಬರಿ ಉಳಿಯುವ ಸಾಧ್ಯತೆ ಅರ್ಧದಷ್ಟೆಂದೂ ಇಟ್ಟುಕೊಳ್ಳೋಣ; ನಾಣ್ಯ ಚಿಮ್ಮಿದ ಹಾಗೆ. ಐದು ಸಲ ಸತತವಾಗಿ ಉಳಿಯುವ ಸಾಧ್ಯತೆ ಎಷ್ಟು? ಅರ್ಧವನ್ನು ಐದು ಸಲ ಗುಣಿಸಿದರೆ 32ರಲ್ಲಿ 1. ಕಡಿಮೆಯೆಂದು ತೋರುತ್ತದೆ. ಆದರೆ ಒಂದು ಋತುವಿನಲ್ಲಿ ಇಂಥ 100 ಹೋರಿಗಳು ಓಡಿದರೆ, ಅವುಗಳಲ್ಲಿ ಸುಮಾರು 3 ಹೋರಿಗಳು ಬರಿಯ ಅದೃಷ್ಟದಿಂದಲೇ ಐದಕ್ಕೆ ಐದು ಗೆದ್ದಿರುತ್ತವೆ. ನಾವು ಆ ಮೂರನ್ನು ಮಾತ್ರ ನೋಡಿ, ಉಳಿದ 97ನ್ನು ಮರೆತು, ‘ಇದು ಸೋಲದ ಹೋರಿ’ ಎನ್ನುತ್ತೇವೆ. ಸಂಖ್ಯಾಶಾಸ್ತ್ರ ಓದುವವರು ಇದನ್ನು ಆಯ್ಕೆಯ ದೋಷವೆಂದು ಕರೆಯುತ್ತಾರೆ.

ಹಾಗಾದರೆ ಒಳ್ಳೆಯ ಹೋರಿ ಎಂಬುದೇ ಇಲ್ಲವೇ? ಖಂಡಿತ ಇದೆ. ತಳಿ, ವಯಸ್ಸು, ಮೇವು, ಪಳಗಿಸಿದ ರೀತಿ ಎಲ್ಲವೂ ಕೆಲಸ ಮಾಡುತ್ತವೆ. ಹಳ್ಳಿಕಾರ್, ಅಮೃತಮಹಲ್, ಖಿಲಾರಿ ತಳಿಗಳ ಚುರುಕುತನ ನಮ್ಮ ರೈತರಿಗೆ ಹೊಸದಲ್ಲ. ಅಮೃತಮಹಲ್ ಎತ್ತುಗಳು ಹೈದರ್, ಟಿಪ್ಪು ಕಾಲದ ಮೈಸೂರು ಸೈನ್ಯದ ಸಾಮಾನು, ಫಿರಂಗಿಗಳನ್ನು ಎಳೆದು ಹೆಸರಾದವು. ಆದರೆ ಒಂದು ದಿನದ ಓಟದ ಫಲಿತಾಂಶದಲ್ಲಿ ಹೋರಿಯ ಗುಣದ ಜೊತೆಗೆ ಇನ್ನೂ ಹತ್ತು ವಿಷಯ ಸೇರಿರುತ್ತವೆ. ಹಿಂದಿನ ಓಟದಿಂದ ಎಷ್ಟು ದಿನ ವಿಶ್ರಾಂತಿ ಸಿಕ್ಕಿತು, ವಾಹನದಲ್ಲಿ ಎಷ್ಟು ದೂರ ನಿಂತು ಬಂದಿದೆ, ನೆಲ ಗಟ್ಟಿಯೋ ಸಡಿಲವೋ, ಬೆಳಿಗ್ಗೆ ಬಿಟ್ಟರೋ ನಡುಮಧ್ಯಾಹ್ನ ಬಿಟ್ಟರೋ, ಮುಂದೆ ಎಷ್ಟು ಯುವಕರು ನಿಂತಿದ್ದರು. ಇವನ್ನೆಲ್ಲ ಬರೆದಿಟ್ಟವನ ಊಹೆ ಗೆಲುವು ಮಾತ್ರ ಎಣಿಸಿದವನ ಊಹೆಗಿಂತ ಹೆಚ್ಚು ನಂಬಲರ್ಹ.

ಹೋರಿ ಏಕೆ ಓಡುತ್ತದೆ?

ಕುದುರೆ ಸವಾರನ ಸನ್ನೆಗೆ ಓಡುತ್ತದೆ. ಹೋರಿಯ ಬೆನ್ನ ಮೇಲೆ ಸವಾರನಿಲ್ಲ. ಅದರ ಓಟಕ್ಕೆ ಕಾರಣ ಸ್ಪರ್ಧೆಯ ಹೆಸರಿನಲ್ಲಿಯೇ ಇದೆ: ಬೆದರಿಸುವುದು.

ದನ ಮೂಲತಃ ಬೇಟೆಗೆ ಈಡಾಗುವ ಪ್ರಾಣಿ. ಅಪಾಯ ಕಂಡರೆ ಓಡಿ ಪಾರಾಗುವುದು ಅದರ ಸ್ವಭಾವ. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಸುತ್ತಲಿನ ಬಹುಪಾಲು ದೃಶ್ಯ ಅದಕ್ಕೆ ಕಾಣುತ್ತದೆ. ಸರಿಯಾಗಿ ಹಿಂಭಾಗದ ಒಂದು ಸೀಳು ಮಾತ್ರ ಕಾಣದು. ಆದರೆ ಎರಡೂ ಕಣ್ಣು ಸೇರಿ ನೋಡುವ ಭಾಗ ಮುಂದೆ ಕಿರಿದಾಗಿರುತ್ತದೆ. ಆದ್ದರಿಂದ ದೂರ, ಆಳಗಳ ಅಂದಾಜು ನಮ್ಮಷ್ಟು ಚೆನ್ನಾಗಿ ಸಿಗುವುದಿಲ್ಲ. ಪಕ್ಕದಲ್ಲಿ ಥಟ್ಟನೆ ಕೈಯೊಂದು ಆಡಿದರೆ ಅದಕ್ಕೆ ಕಾಣುತ್ತದೆ. ಆ ಕೈ ಎಷ್ಟು ದೂರದಲ್ಲಿದೆ ಎಂಬುದು ತಕ್ಷಣ ತಿಳಿಯುವುದಿಲ್ಲ. ಕೆಂಪು ಬಟ್ಟೆ ಕಂಡರೆ ಹೋರಿ ಕೆರಳುತ್ತದೆಂಬುದು ತಪ್ಪು ನಂಬಿಕೆ. ಮನುಷ್ಯರ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ದನದ ಕಣ್ಣಿನಲ್ಲಿ ಎರಡೇ ಬಗೆ. ಅದನ್ನು ಕೆರಳಿಸುವುದು ಬಟ್ಟೆಯ ಚಲನೆ.

ಕಿವಿಯಂತೂ ನಮಗಿಂತ ಸೂಕ್ಷ್ಮ. ನಮಗೆ ಕೇಳಿಸುವ ಶಬ್ದದ ಮೇಲ್ಮಿತಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನ. ದನಕ್ಕೆ 35 ಸಾವಿರದಷ್ಟು ಕಂಪನದವರೆಗೂ ಕೇಳಿಸುತ್ತದೆ. ಸಿಳ್ಳೆ, ಪೀಪಿ, ಪಟಾಕಿಗಳ ತೀಕ್ಷ್ಣ ಸದ್ದು ನಮಗೆ ಸಂಭ್ರಮ. ಹೋರಿಗೆ ಅದು ಅಪಾಯದ ಸೂಚನೆ. ಹೆದರಿದ ದೇಹದಲ್ಲಿ ಅಡ್ರಿನಲಿನ್ ಹರಿಯುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಸಕ್ಕರೆಯ ಅಂಶವನ್ನು ಒಮ್ಮೆಲೇ ಬಳಸುತ್ತವೆ. ಓಡಲು ದಾರಿಯಿದ್ದರೆ ಅದು ಓಡುತ್ತದೆ. ದಾರಿ ಮುಚ್ಚಿದರೆ ಕೊಂಬು ತಗ್ಗಿಸುತ್ತದೆ. ಈ ಎರಡು ವಾಕ್ಯಗಳನ್ನು ಹೋರಿ ಹಬ್ಬಕ್ಕೆ ಹೋಗುವ ಪ್ರತಿಯೊಬ್ಬರೂ ನೆನಪಿಡಬೇಕು.

ಅಪಾಯದ ಲೆಕ್ಕ

ಇಲ್ಲಿಗೆ ನಮ್ಮ ವಿಷಯದ ಗಂಭೀರ ಭಾಗಕ್ಕೆ ಬಂದೆವು. 2025ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ಹೊತ್ತಿಗೆ, ಹಾವೇರಿ ಜಿಲ್ಲೆಯ ಬೇರೆ ಬೇರೆ ಕಡೆಗಳಲ್ಲಿ ಹೋರಿ ತಿವಿದು ಕನಿಷ್ಠ ಮೂವರು ಪ್ರಾಣ ಕಳೆದುಕೊಂಡರು. ಅವರಲ್ಲಿ ವೃದ್ಧರೂ ಇದ್ದರು. ಕೊಬ್ಬರಿ ಹರಿಯಲು ಧುಮುಕುವ ವಯಸ್ಸು ಅವರದಲ್ಲ. ಅಂದರೆ ಅಪಾಯ ಸ್ಪರ್ಧಿಗಳಿಗೆ ಮಾತ್ರ ಮೀಸಲಲ್ಲ. ಇದು ಏಕೆ ಹೀಗೆ?

ಲೆಕ್ಕಕ್ಕೆಂದು 400 ಕಿಲೋ ತೂಕದ ಹೋರಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳೋಣ. ಚಲನಶಕ್ತಿಯ ಸೂತ್ರ ನಿಮಗೆ ಗೊತ್ತು: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಬರುವುದು 12,800 ಜೂಲ್. ಅದರ ಜೊತೆ ಓಡುತ್ತಿರುವ 60 ಕಿಲೋ ತೂಕದ ಯುವಕನ ವೇಗ ಸೆಕೆಂಡಿಗೆ 6 ಮೀಟರ್ ಎಂದರೆ ಅವನ ಚಲನಶಕ್ತಿ 1,080 ಜೂಲ್ ಮಾತ್ರ. ಹನ್ನೆರಡು ಪಟ್ಟು ವ್ಯತ್ಯಾಸ. ಹೋಲಿಕೆ ಬೇಕೆಂದರೆ, ಸವಾರನೂ ಸೇರಿ 200 ಕಿಲೋ ತೂಗುವ ಮೋಟಾರ್‌ಸೈಕಲ್ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದರೆ ಇರುವ ಶಕ್ತಿ ಸುಮಾರು ಇಷ್ಟೇ. ಅಷ್ಟು ಬಲ ಕೊಂಬಿನ ಮೊನೆಯಷ್ಟು ಚಿಕ್ಕ ಜಾಗದಲ್ಲಿ ಬಿದ್ದರೆ ಒತ್ತಡ ಎಷ್ಟಾಗುತ್ತದೆಂದು ಊಹಿಸಿಕೊಳ್ಳಿ. ಓಡುವ ಮೋಟಾರ್‌ಸೈಕಲ್ಲಿಗೆ ಅಡ್ಡ ನಿಲ್ಲದವರು ಓಡುವ ಹೋರಿಗೆ ಎರಡಡಿ ದೂರದಲ್ಲಿ ನಿಂತಿರುತ್ತಾರೆ.

ಎರಡನೆಯ ಲೆಕ್ಕ ಸಮಯದ್ದು. ಕಣ್ಣಿಗೆ ಬಿದ್ದದ್ದನ್ನು ಮಿದುಳು ಅರ್ಥ ಮಾಡಿಕೊಂಡು, ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಿ, ಕಾಲು ಎತ್ತುವಷ್ಟರಲ್ಲಿ ಜನಜಂಗುಳಿಯಲ್ಲಿ ಅರ್ಧದಿಂದ ಒಂದು ಸೆಕೆಂಡು ಕಳೆದುಹೋಗುತ್ತದೆ. ಅಷ್ಟರಲ್ಲಿ ನಮ್ಮ ಲೆಕ್ಕದ ಹೋರಿ 4ರಿಂದ 8 ಮೀಟರ್ ಮುಂದೆ ಬಂದಿರುತ್ತದೆ. ಓಣಿಯ ಅಂಚಿನಲ್ಲಿ, ಹಿಂದೆ ಸರಿಯಲು ಜಾಗವಿಲ್ಲದ ಗುಂಪಿನಲ್ಲಿ ನಿಂತವನಿಗೆ ಧೈರ್ಯವಿದ್ದರೂ, ಚುರುಕುತನವಿದ್ದರೂ ಆ ಸಮಯ ಸಿಗುವುದಿಲ್ಲ. ವಯಸ್ಸಾದವರಿಗೆ, ಮಕ್ಕಳಿಗೆ ಇನ್ನೂ ಕಷ್ಟ.

ಮೂರನೆಯದು ನಿಲ್ಲುವ ದೂರ. ಗೆರೆ ದಾಟಿದ ಕೂಡಲೇ ಹೋರಿ ನಿಲ್ಲುವುದಿಲ್ಲ. ಅದು ಪ್ರತಿ ಸೆಕೆಂಡಿಗೆ 1 ಮೀಟರಿನಂತೆ ವೇಗ ಇಳಿಸುತ್ತ ಬಂದರೆ 8 ಮೀಟರ್ ವೇಗದಿಂದ ನಿಲ್ಲಲು 32 ಮೀಟರ್ ಬೇಕು. ಹೆದರಿಕೆ ಇಳಿಯದಿದ್ದರೆ ಅದು ನಿಲ್ಲುವುದೇ ಇಲ್ಲ. ಮುಂದಿನ ಓಣಿಗೆ, ರಸ್ತೆಗೆ, ಮನೆಗಳ ಮುಂದಕ್ಕೆ ನುಗ್ಗುತ್ತದೆ. ಓಟ ನೋಡಲು ಬಾರದವರಿಗೂ ಅಪಾಯ ತಟ್ಟುವುದು ಇಲ್ಲಿಯೇ. ಮುಕ್ತಾಯದ ಗೆರೆಯಾಚೆಗೆ ಬೇಲಿ ಕಟ್ಟಿದ ಬಯಲು ಇಲ್ಲದ ಓಟ ಅರ್ಧ ಮಾತ್ರ ಏರ್ಪಾಟಾದ ಓಟ.

ಬೇರೆಯವರು ಏನು ಮಾಡಿದರು?

ಅಪಾಯವಿರುವ ಓಟ ನಮ್ಮಲ್ಲಿ ಮಾತ್ರ ಇಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಬಳಿಯ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಕುದುರೆಗಳು ಬೇಲಿ ಹಾರುತ್ತ ಓಡುವ ಜಗತ್ಪ್ರಸಿದ್ಧ ಪಂದ್ಯ. ದೂರ ಸುಮಾರು 6.9 ಕಿಲೋಮೀಟರ್, ಹಾರಬೇಕಾದ ಬೇಲಿಗಳು 30. ಕುದುರೆಗಳು ಬಿದ್ದು ಸಾಯುವುದರ ಬಗ್ಗೆ ಅಲ್ಲಿ ಬಹುಕಾಲದಿಂದ ವಾದವಿದೆ. 2023ರ ಪಂದ್ಯದಲ್ಲಿ ಒಂದು ಕುದುರೆ ಸತ್ತ ಮೇಲೆ ಸಂಘಟಕರು 2024ರಿಂದ ಕೆಲವು ಬದಲಾವಣೆ ತಂದರು. ಓಡುವ ಕುದುರೆಗಳ ಗರಿಷ್ಠ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ಮೊದಲ ಬೇಲಿಯನ್ನು ಸುಮಾರು 55 ಮೀಟರಿನಷ್ಟು ಹತ್ತಿರಕ್ಕೆ ತಂದರು.

ಬೇಲಿ ಹತ್ತಿರ ತಂದರೆ ಏನು ಲಾಭ? ಕುದುರೆಗಳಿಗೆ ವೇಗ ಏರಿಸಿಕೊಳ್ಳಲು ಸಿಗುವ ದೂರ ಕಡಿಮೆಯಾಗುತ್ತದೆ. ವೇಗ ಕಾಲುಭಾಗ ಇಳಿದರೆ ಚಲನಶಕ್ತಿ ಕಾಲುಭಾಗವಲ್ಲ, ಸುಮಾರು 44 ಪ್ರತಿಶತ ಇಳಿಯುತ್ತದೆ. ಸೂತ್ರದಲ್ಲಿ ವೇಗದ ವರ್ಗವಿದೆಯಲ್ಲ! 2024ರ ಪಂದ್ಯದಲ್ಲಿ ಐ ಆಮ್ ಮ್ಯಾಕ್ಸಿಮಸ್ ಗೆದ್ದಿತು. ಓಡಿದ 32 ಕುದುರೆಗಳಲ್ಲಿ ಒಂದೂ ಬೇಲಿಯಲ್ಲಿ ಎಡವಿ ಬೀಳಲಿಲ್ಲ. 2025ರಲ್ಲಿ ನಿಕ್ ರಾಕೆಟ್ ಗೆದ್ದಿತು. ಆದರೆ ಆ ಸಲ ಓಡಿದ ಒಂದು ಕುದುರೆ ಕೆಲವು ದಿನಗಳಲ್ಲಿ ತೀರಿಕೊಂಡಿತು. ಒಂದು ವರ್ಷದ ಒಳ್ಳೆಯ ಫಲಿತಾಂಶದಿಂದ ಎಲ್ಲ ಸರಿಹೋಯಿತೆಂದು ಹೇಳಲಾಗದು. ಹೋರಿಯ ಐದು ಗೆಲುವಿನ ಲೆಕ್ಕವೇ ಇಲ್ಲಿಗೂ ಅನ್ವಯ.

ಸ್ಪೇನ್ ದೇಶದ ಪಾಂಪ್ಲೋನ ನಗರದಲ್ಲಿ ಪ್ರತಿ ಜುಲೈ ತಿಂಗಳು ಗೂಳಿಗಳ ಮುಂದೆ ಜನ ಓಡುವ ಹಬ್ಬ ನಡೆಯುತ್ತದೆ. ಬೀದಿಯ ಉದ್ದ ಸುಮಾರು 850 ಮೀಟರ್. ಅಲ್ಲಿ ಎರಡು ಸಾಲು ಮರದ ಬೇಲಿ ಹಾಕುತ್ತಾರೆ. ಒಳಗಿನ ಬೇಲಿಯಡಿ ನುಸುಳಿ ಓಟಗಾರ ಪಾರಾಗಬಹುದು. ಎರಡು ಬೇಲಿಗಳ ನಡುವಿನ ಜಾಗದಲ್ಲಿ ವೈದ್ಯರು, ರಕ್ಷಕರು ನಿಲ್ಲುತ್ತಾರೆ. ಪ್ರೇಕ್ಷಕರು ಹೊರಗಿನ ಬೇಲಿಯ ಆಚೆ. 18 ವರ್ಷ ತುಂಬದವರಿಗೆ ಓಡಲು ಬಿಡುವುದಿಲ್ಲ. ಅಲ್ಲಿಯೂ ಸಾವುಗಳಾಗಿವೆ, ಗಾಯಗಳಂತೂ ಪ್ರತಿವರ್ಷ. ಆದರೂ ಅಂಕಣದಲ್ಲಿ ಓಡುವವನೂ ದಾರಿಹೋಕನೂ ಒಂದೇ ಸಾಲಿನಲ್ಲಿ ನಿಲ್ಲುವ ಸ್ಥಿತಿ ಅಲ್ಲಿಲ್ಲ.

ನೆರೆಯ ತಮಿಳುನಾಡಿನ ಜಲ್ಲಿಕಟ್ಟಿನಲ್ಲಿ ಗೂಳಿಯ ಡುಬ್ಬವನ್ನು ಹಿಡಿದ ಯುವಕ ಅದು ಮೂರು ಸಲ ನೆಗೆಯುವವರೆಗೆ ಅಥವಾ ಸುಮಾರು 15 ಮೀಟರ್ ಓಡುವವರೆಗೆ ಬಿಡದೆ ಹಿಡಿದಿದ್ದರೆ ಗೆದ್ದಂತೆ. ಸ್ಪರ್ಧಿಗಳ ನೋಂದಣಿ, ವೈದ್ಯಕೀಯ ತಪಾಸಣೆ, ಎರಡು ಸಾಲಿನ ತಡೆ, ಗೂಳಿಗಳಿಗೆ ಪಶುವೈದ್ಯರ ಪರೀಕ್ಷೆ ಇವು ಅಲ್ಲಿನ ನಿಯಮಗಳಲ್ಲಿ ಸೇರಿವೆ.

ಕಾನೂನು ಏನು ಹೇಳುತ್ತದೆ?

ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯುವ ಕೇಂದ್ರ ಕಾಯ್ದೆ 1960ರದು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳು ಆ ಕಾಯ್ದೆಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಅದರ ಪರಿಣಾಮ ಕಂಬಳಕ್ಕೂ ತಟ್ಟಿತು. 2017ರಲ್ಲಿ ಕರ್ನಾಟಕ ಸರಕಾರ ತಿದ್ದುಪಡಿ ತಂದು ಕಂಬಳ, ಹೋರಿ ಓಟ ಮತ್ತು ಎತ್ತಿನ ಗಾಡಿ ಓಟಗಳಿಗೆ ಷರತ್ತಿನ ಮೇಲೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೊದಲ ಬಾರಿಗೆ ಕಂಬಳ ನಡೆದದ್ದು ನಿಮಗೆ ನೆನಪಿರಬಹುದು.

ಕೆಲವರು ಇದನ್ನು ‘ಇನ್ನು ಯಾವ ಅಡ್ಡಿಯೂ ಇಲ್ಲ’ ಎಂದು ತಿಳಿದುಕೊಂಡಿದ್ದಾರೆ. ಅದು ಸರಿಯಲ್ಲ. ಓಟಕ್ಕೆ ಅನುಮತಿ ಇದೆ, ಹಿಂಸೆಗೆ ಇಲ್ಲ. ಚುಚ್ಚುವುದು, ಬಾಲ ತಿರುಚುವುದು, ಅಮಲು ಕುಡಿಸುವುದು ಇವು ಓಟದ ಭಾಗವಲ್ಲ. ಷರತ್ತು ಪಾಲಿಸದ ಸಂಘಟಕರು ತಮ್ಮ ಊರಿನ ಹಬ್ಬವನ್ನೇ ಮತ್ತೆ ಅಪಾಯಕ್ಕೆ ಒಡ್ಡುತ್ತಾರೆ.

ನೀವೇ ಅಳೆಯಿರಿ

ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಸಮಯ ಅಳೆಯಲು ಒಂದು ಸುಲಭ ಉಪಾಯ ಗೊತ್ತು. ನಮ್ಮ ದೇಶದ ಟಿ.ವಿ. ಚಿತ್ರದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಒಂದು ಚೌಕಟ್ಟಿಗೂ ಮುಂದಿನದಕ್ಕೂ ನಡುವೆ 0.04 ಸೆಕೆಂಡು. ಸೆಕೆಂಡಿಗೆ 8 ಮೀಟರ್ ಓಡುವ ಹೋರಿ ಅಷ್ಟರಲ್ಲಿ 32 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕೈಯಲ್ಲಿ ಹಿಡಿದ ನಿಲುಗಡಿಯಾರದಲ್ಲಾದರೆ ಬೆರಳು ಒತ್ತುವ ತಡದಿಂದಲೇ ಸುಮಾರು 0.2 ಸೆಕೆಂಡು, ಅಂದರೆ ಒಂದೂವರೆ ಮೀಟರಿಗೂ ಹೆಚ್ಚು ವ್ಯತ್ಯಾಸ ಬರಬಹುದು.

ಈಗ ಮೊಬೈಲ್ ಕ್ಯಾಮೆರಾ ಎಲ್ಲರ ಕೈಯಲ್ಲಿದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟು ತೆಗೆಯುತ್ತದೆ. ಓಟ ಶುರುವಾಗುವ ಮೊದಲೇ ಅಂಕಣದ ಬದಿಯಲ್ಲಿ 20 ಮೀಟರ್ ಅಂತರಕ್ಕೆ ಎರಡು ಗುರುತು ಹಾಕಿಸಿ. ಬೇಲಿಯಾಚೆಯ ಮಾಳಿಗೆಯ ಮೇಲೆ ಕ್ಯಾಮೆರಾವನ್ನು ಅಲುಗದಂತೆ ಇಟ್ಟು ಚಿತ್ರ ತೆಗೆಯಿರಿ. ಅಂಕಣಕ್ಕೆ ಇಳಿಯುವ ಅಗತ್ಯವೇ ಇಲ್ಲ. ಹೋರಿಯ ಮೂಗು ಮೊದಲ ಗುರುತನ್ನು ದಾಟಿದ ಚೌಕಟ್ಟಿನಿಂದ ಎರಡನೆಯದನ್ನು ದಾಟಿದ ಚೌಕಟ್ಟಿನವರೆಗೆ ಎಣಿಸಿ. 75 ಚೌಕಟ್ಟು ಬಂದರೆ ಸಮಯ 2.5 ಸೆಕೆಂಡು, ವೇಗ ಸೆಕೆಂಡಿಗೆ 8 ಮೀಟರ್. ಹೀಗೆ ಹತ್ತಿಪ್ಪತ್ತು ಹೋರಿಗಳದ್ದು ಮಾಡಿದರೆ ಒಂದು ಒಳ್ಳೆಯ ವಿಜ್ಞಾನ ಯೋಜನೆಯಾಗುತ್ತದೆ.

ಆ ಪಟ್ಟಿಯಲ್ಲಿ ವೇಗ, ಕೊಬ್ಬರಿಗಳ ಜೊತೆಗೆ ಇನ್ನೂ ನಾಲ್ಕು ಕಲಮು ಇರಲಿ. ಹೋರಿಗೆ ಹಿಂದಿನ ಓಟದಿಂದ ಎಷ್ಟು ದಿನ ವಿಶ್ರಾಂತಿ ಸಿಕ್ಕಿತ್ತು? ಓಟದ ನಂತರ ಅದು ಎಷ್ಟು ದೂರದಲ್ಲಿ ನಿಂತಿತು? ಎಷ್ಟು ಜನಕ್ಕೆ ಗಾಯವಾಯಿತು, ಅವರು ಎಲ್ಲಿ ನಿಂತಿದ್ದರು? ಹೋರಿಗೆ ಗಾಯವಾಯಿತೇ?

ಒಂದು ಋತುವಿನ ಇಂಥ ಪಟ್ಟಿಯನ್ನು ನಿಮ್ಮೂರಿನ ಹಬ್ಬದ ಸಮಿತಿಯ ಮುಂದಿಟ್ಟು ನೋಡಿ. ಬೇಲಿ ಎಲ್ಲಿ ಬೇಕು, ಅಂಕಣ ಎಷ್ಟು ಅಗಲವಿರಬೇಕು, ಗೆರೆಯಾಚೆ ಎಷ್ಟು ಬಯಲು ಬಿಡಬೇಕು, ವಯಸ್ಸಾದವರು ಯಾವ ಓಣಿಯಲ್ಲಿ ಅಂದು ಓಡಾಡಬಾರದು ಎಂಬುದಕ್ಕೆ ಉತ್ತರ ಅದರಲ್ಲಿಯೇ ಸಿಗುತ್ತದೆ. ಯಾವ ಹೋರಿ ಗೆಲ್ಲುತ್ತದೆಂಬ ಊಹೆ ತಪ್ಪಿದರೆ ನಷ್ಟವೇನೂ ಇಲ್ಲ, ಮುಂದಿನ ಊರಿನಲ್ಲಿ ನೋಡಿಕೊಳ್ಳಬಹುದು. ಗಾಯದ ಕಲಮು ಮಾತ್ರ ಎಲ್ಲ ಊರುಗಳಲ್ಲಿಯೂ ಸೊನ್ನೆಯಾಗಿರಬೇಕು. ಅದು ಸೊನ್ನೆಯಾದ ದಿನ ಹೋರಿಯೂ ಗೆದ್ದಂತೆ, ಕೊಬ್ಬರಿ ಹರಿದ ಯುವಕನೂ ಗೆದ್ದಂತೆ, ಊರೂ ಗೆದ್ದಂತೆ.